ಕವಳಿಹಣ್ಣಿನ ಹುಂಜ

ಖಾನಾಪುರ, ಮೇ ೧೨

ಅಕ್ಕಾ, ನಿನ್ನ ತಮ್ಮ ಜಿನಪ್ಪ ಬರಿಯಾಕತ್ತೇನಿ. ಕಾಡಿನ್ಯಾಗ ಫೋನ್ ಹತ್ತವಲ್ದು, ಅದಕ್ಕ ಈ ಕಾರ್ಡ್. ಬಿಸಲಾಗ ಆರು ಕಿಲೋಮೀಟರ್ ಕಾಲದಾರಿ ನಡದೆ. ಮೊಣಕಾಲ ನೋವಿಲ್ಲ, ಕಾಳಜಿ ಮಾಡಬ್ಯಾಡ.

ದಾರಿ ಬಾಜು ಕವಳಿಹಣ್ಣ ಕಂಡು ನಮ್ಮ ಆಟ ನೆನಪಾತು. ಒಳಗ ಕೆಂಪಿದ್ದರ ಹುಂಜ, ಬೆಳ್ಳಗಿದ್ದರ ಹ್ಯಾಟಿ ಕೋಳಿ; ಮುರಿಯೂ ಮೊದಲ ಹೇಳಬೇಕು, ಸೋತವರು ಹಣ್ಣ ಕೊಡಬೇಕು. "ಹುಂಜ!" ಅಂದು ಒಂದ ಹಣ್ಣ ಮುರದೆ. ಕೆಂಪ ಇತ್ತು. ದಾರಿ ತೋರಸಾಕ ಬಂದ ಹೆಣ್ಣಮಗಳು ನಕ್ಕಳು: "ಒಂದ ಕಂಟಿ ಹಣ್ಣೆಲ್ಲ ಒಂದ ಬಣ್ಣರೀ ಕಾಕಾ. ಇದರಾಗ ಹ್ಯಾಟಿ ಎಲ್ಲಿಂದ ಬರಬೇಕು?"

ನಮ್ಮ ಹೊಲದ ಬದುವಿನ್ಯಾಗೂ ಇದ್ದದ್ದು ಒಂದ ಕಂಟಿ. ನೀ ಏಳು ವರ್ಷ ದೊಡ್ಡಾಕಿ, ಆದರೂ ಪ್ರತಿ ಸಲ ಹ್ಯಾಟಿ ಅಂದು ಸೋಲತಿದ್ದಿ. ನಾನ ಶ್ಯಾಣ್ಯಾ ಅಂತ ಊರೆಲ್ಲಾ ಹೇಳಿದ್ದೆ!

ರವಿವಾರ ಹಣ್ಣ ತರತೇನಿ. ಈ ಸಲ ಹ್ಯಾಟಿ ನಂದು.