ಮೂರನೇ ದಿನ ಮಾರ್ಗೇಟ್

ಡಿಸ್ಕವರಿ ಗಾರ್ಡನ್ಸ್, ದುಬೈ
14 ಜೂನ್ 2025, ಶನಿವಾರ

ಪ್ರೀತಿಯ ಪುತಾ ರಯಾನ್,

ನೀನು ಆರೋಗ್ಯವಾಗಿದ್ದೀ ಎಂದು ನಂಬಿದ್ದೇನೆ. ಅಲ್ಲಿ ಈಗ ಹದಿನೇಳು ಡಿಗ್ರಿ ಎಂದು ಫೋನ್ ತೋರಿಸುತ್ತದೆ. ಅದಕ್ಕೂ ಬೇಸಿಗೆ ಎನ್ನುತ್ತಾರಂತಲ್ಲ! ಡ್ಯೂಟಿ ಮುಗಿಸಿ ಬಂದವನು ಏನೂ ತಿನ್ನದೆ ಮಲಗುವ ಅಭ್ಯಾಸ ಬಿಟ್ಟಿದ್ದೀಯೋ ಇಲ್ಲವೋ ತಿಳಿಯದು. ನಿನ್ನ ಬೆನ್ನುನೋವು ಹೇಗಿದೆ? ರೋಗಿಗಳನ್ನು ಎತ್ತುವಾಗ ಸೊಂಟ ಬಗ್ಗಿಸಬೇಡ, ಮೊಣಕಾಲು ಬಗ್ಗಿಸು. ನರ್ಸಿಗೆ ಲಾಂಡ್ರಿಯವನು ಪಾಠ ಹೇಳುತ್ತಿದ್ದಾನೆ ಎಂದು ನಗಬೇಡ, ಹೋಟೆಲಿನ ಒದ್ದೆ ಬೆಡ್‌ಶೀಟಿನ ಗಂಟು ನಿನ್ನ ರೋಗಿಗಳಿಗಿಂತ ಹಗುರವೇನಲ್ಲ. ನನ್ನದು ನಡೆಯುತ್ತಿದೆ. ಬಿ.ಪಿ.ಗೆ ಒಂದು ಮಾತ್ರೆ, ಸಕ್ಕರೆಗೆ ಅರ್ಧ. ಅಡಿಗೆ ಒಬ್ಬನಿಗೇ ಆದ್ದರಿಂದ ಶನಿವಾರ ಒಂದು ಮೀನು ಸಾರು ಮಾಡಿದರೆ ಮಂಗಳವಾರದವರೆಗೆ ಬರುತ್ತದೆ. ಡಿಸೆಂಬರಿಗೆ ನನಗೆ ಅರುವತ್ತು ತುಂಬುತ್ತದೆ, ಹೋಟೆಲಿನವರು ಅಲ್ಲಿಗೆ ಸಾಕು ಎಂದಿದ್ದಾರೆ. ಆಮೇಲೆ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ, ಶಿರ್ವಕ್ಕೆ ಹೋಗುವುದೇ ಸರಿ.

ಈ ಕಾಲದಲ್ಲಿ ಕಾಗದ ಬರೆಯುವುದು ಯಾಕೆ ಎಂದು ನೀನು ಕೇಳಲಿಕ್ಕಿಲ್ಲ, ಕಾರಣ ನಿನಗೇ ಗೊತ್ತು. ವಾಟ್ಸಾಪಿನಲ್ಲಿ ನಿನಗೆ ಕಳಿಸಿದ್ದಕ್ಕೆಲ್ಲ ಎರಡು ವರ್ಷದಿಂದ ಒಂದೇ ಗೀಟು ಬೀಳುತ್ತಿದೆ, ನಿನಗೆ ತಲುಪುವುದೇ ಇಲ್ಲ. ನೀನು ಮೊದಲು ಕೊಟ್ಟಿದ್ದ ಮಾರ್ಗೇಟ್ ಊರಿನ ವಿಳಾಸ ಬದಲಾಗಿಲ್ಲ ಎಂದು ಭಾವಿಸಿದ್ದೇನೆ. ನಾವು ಮನೆಯಲ್ಲಿ ಕೊಂಕಣಿ ಆಡಿದರೂ ನಮ್ಮ ಕಾಗದಗಳು ಯಾವಾಗಲೂ ಕನ್ನಡದಲ್ಲೇ ಇದ್ದವು, ಆದ್ದರಿಂದ ಹಾಗೆಯೇ ಬರೆಯುತ್ತಿದ್ದೇನೆ. ನೀನು ಇಂಗ್ಲಿಷಿನಲ್ಲಿ ಉತ್ತರ ಬರೆದರೂ ಸಂತೋಷ, ಒಂದೇ ಸಾಲು ಬರೆದರೂ ಸಂತೋಷ.

ಈಗ ಸುದ್ದಿಗೆ ಬರುತ್ತೇನೆ. ಸೆಪ್ಟೆಂಬರಿನಲ್ಲಿ ನಾವು ನಾಲ್ವರು ಇಂಗ್ಲೆಂಡಿಗೆ ಬಂದು ಸಮುದ್ರದ ಬದಿಯಲ್ಲಿ ಮೂರು ದಿನ ಸೈಕಲ್ ತುಳಿಯುವುದೆಂದು ಕಳೆದ ನವೆಂಬರಿನಲ್ಲಿ ತೀರ್ಮಾನವಾಯಿತು. ನಾಲ್ವರು ಎಂದರೆ ನಾನು, ಮಿರ್ದಿಫಿನ ಲಿಡ್ವಿನ್, ನಮ್ಮ ಹೋಟೆಲಿನ ಕೇಕ್ ಮಾಡುವ ಎಲ್ರಾಯ್, ಮತ್ತೆ ನೈಫಿನಲ್ಲಿ ವಾಚಿನ ಅಂಗಡಿ ಇಟ್ಟುಕೊಂಡಿರುವ ನಮ್ಮ ಉಮ್ಮರಬ್ಬ. ಉಮ್ಮರಬ್ಬನನ್ನು ನೀನು ಮರೆತಿರಲಾರೆ, ನಿನ್ನ ಮೊದಲ ಕೈಗಡಿಯಾರ ಅವನೇ ಕಟ್ಟಿದ್ದು. ರಜೆಗೆ ಎಲ್ಲಿಗೆ ಹೋಗುವುದೆಂಬ ಮಾತು ಬಂದಾಗ ಉಳಿದವರು ಬಾಕು ಎಂದರು, ಜಾರ್ಜಿಯಾ ಎಂದರು. ದುಬೈಯ ಅರ್ಧ ಜನ ಅಲ್ಲಿಗೇ ಹೋಗಿ ಹಿಮದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇಂಗ್ಲೆಂಡಿನ ಸಮುದ್ರ ದಂಡೆ ಎಂದು ಹಟ ಹಿಡಿದವನು ನಾನು. ಅಲ್ಲಿ ಏರು ಇಲ್ಲ, ಸಮತಟ್ಟು ದಾರಿ, ನಮ್ಮ ವಯಸ್ಸಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ವಕಾಲತ್ತು ಮಾಡಿದೆ. ಲಿಡ್ವಿನ್ ಚಹಾದ ಲೋಟ ಕೆಳಗಿಟ್ಟು, "ನಿಮಗೆ ಮಗನನ್ನು ನೋಡ್ಬೇಕಾದ್ರೆ ಸೀದಾ ಟಿಕೆಟ್ ತೆಗೀರಿ ಮಾರಾಯ್ರೇ, ನಮ್ಮನ್ನು ಯಾಕೆ ಸೈಕಲ್ ತುಳಿಸ್ತೀರಿ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯಾರೂ ಬಾಕುವಿನ ಮಾತು ಎತ್ತಲಿಲ್ಲ, ಒಳ್ಳೆಯ ಜನ.

ಯೋಜನೆ ನಾನೇ ಹಾಕಿದ್ದು. ಇಪ್ಪತ್ತೆಂಟು ವರ್ಷ ಲಾಂಡ್ರಿಯಲ್ಲಿ ಡ್ಯೂಟಿ ರೋಸ್ಟರ್ ಬರೆದವನಿಗೆ ಅದೊಂದು ಕಷ್ಟವೇ? ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಸೆಪ್ಟೆಂಬರ್ ಐದು, ಶುಕ್ರವಾರ, ವಿಟ್‌ಸ್ಟೆಬಲ್ ಎಂಬ ಊರಿನಲ್ಲಿ ಬಾಡಿಗೆ ಸೈಕಲ್ ತೆಗೆದುಕೊಂಡು ಹರ್ನ್ ಬೇ ತನಕ ಹೋಗುವುದು, ಬರೀ ಎಂಟೊಂಬತ್ತು ಕಿಲೋಮೀಟರ್. ಮೊದಲ ದಿನವೇ ದೇಹಕ್ಕೆ ಗಾಬರಿಯಾಗಬಾರದು. ಎರಡನೇ ದಿನ ರಿಕಲ್ವರ್, ಅಲ್ಲಿ ಕಡಲಿನ ಅಂಚಿನಲ್ಲಿ ಹಳೆಯ ಇಗರ್ಜಿಯ ಎರಡು ಗೋಪುರಗಳು ಮಾತ್ರ ಉಳಿದಿವೆಯಂತೆ. ಅಲ್ಲಿ ಒಂದು ಜಪಸರ ಹೇಳಿ, ಹಿಂದೆ ಬಂದು ಮಲಗುವುದು. ಮೂರನೇ ದಿನ ಭಾನುವಾರ, ಬೆಳಗಿನ ಪೂಜೆ ಮುಗಿಸಿ, ಕಡಲಿನ ಗೋಡೆಯ ಪಕ್ಕದ ದಾರಿಯಲ್ಲಿ ನಿಧಾನವಾಗಿ ತುಳಿದು ಸಂಜೆ ನಾಲ್ಕಕ್ಕೆ ಮಾರ್ಗೇಟ್. ಲಿಡ್ವಿನ್ ಮುಂದೆ, ನಕ್ಷೆ ಅವನ ಕೈಯಲ್ಲಿ. ಎಲ್ರಾಯ್ ಚಹಾ ಫ್ಲಾಸ್ಕಿಗೂ ಬನ್ನಿಗೂ ಜವಾಬ್ದಾರ. ಉಮ್ಮರಬ್ಬನ ನಮಾಜಿನ ಹೊತ್ತಿಗೆ ಎಲ್ಲಿ ನಿಲ್ಲಬಹುದೆಂದು ಎರಡು ಕಡೆ ಹುಲ್ಲಿನ ಜಾಗ ಗುರುತು ಮಾಡಿದ್ದೇನೆ. ನಾನು ಕೊನೆಯಲ್ಲಿ, ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳಲಿಕ್ಕೆ. ಐದು ಕಿಲೋಮೀಟರಿಗೊಮ್ಮೆ ಇಳಿಯಬೇಕು, ಯಾರೂ ಸ್ಪರ್ಧೆ ಮಾಡಬಾರದು, ಗಾಳಿ ಎದುರಿದ್ದರೆ ನಾಚಿಕೆ ಬಿಟ್ಟು ತಳ್ಳಿಕೊಂಡು ಹೋಗಬಹುದು ಎಂದು ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.

ಚಳಿಗಾಲದಲ್ಲಿ ಅಭ್ಯಾಸ ಶುರು ಮಾಡಿದೆವು. ಶನಿವಾರ ಬೆಳಿಗ್ಗೆ ಲಿಡ್ವಿನ್ ಕಾರಿನಲ್ಲಿ ಬಂದು ನಮ್ಮನ್ನು ಅಲ್ ಕುದ್ರಾದ ಸೈಕಲ್ ಟ್ರ್ಯಾಕಿಗೆ ಕರೆದುಕೊಂಡು ಹೋಗುತ್ತಿದ್ದ. ಮರಳಿನ ನಡುವೆ ಕಪ್ಪು ದಾರಿ. ಬಿಗಿ ಉಡುಪಿನ ದೊರೆಗಳು ಬಾಣದ ಹಾಗೆ ದಾಟಿ ಹೋಗುವಾಗ ನಾವು ಬದಿಗೆ ಸರಿದು ಸಲಾಂ ಹಾಕುವುದು. ಎಲ್ರಾಯ್ ಮೊದಲ ದಿನ ಎರಡು ಸಲ ಬಿದ್ದ. ಉಮ್ಮರಬ್ಬ ಅರುವತ್ತಾರನೇ ವಯಸ್ಸಿನಲ್ಲಿ ಲುಂಗಿ ಬಿಟ್ಟು ಪ್ಯಾಂಟು ಹಾಕಿದ್ದೇ ಈ ಸವಾರಿಗಾಗಿ. ಮಮ್ಮಿ ಹೋದ ಮೇಲೆ ನಾನು ಹೊಟ್ಟೆ ತುಂಬ ನಕ್ಕದ್ದು ಆ ಶನಿವಾರಗಳಲ್ಲೇ. ಮನೆಗೆ ಬಂದು ಬೀಗ ತೆಗೆಯುವಾಗ ಮತ್ತೆ ಮೊದಲಿನ ಹಾಗೇ ಆಗುತ್ತಿತ್ತು.

ಫೋನಿನ ನಕ್ಷೆಯಲ್ಲಿ ಆ ದಾರಿಯನ್ನು ನಾನು ನಲುವತ್ತು ಸಲವಾದರೂ ಹೋಗಿ ಬಂದಿದ್ದೇನೆ. ಎಲ್ಲಿ ಬೆಂಚು ಇದೆ, ಎಲ್ಲಿ ಶೌಚಾಲಯ ಇದೆ ಎಲ್ಲ ಬಾಯಿಪಾಠ. ನಿನ್ನ ಬೀದಿಯ ತಿರುವಿನಲ್ಲಿ ಯಾರದೋ ಬಟ್ಟೆ ಒಗೆಯುವ ಅಂಗಡಿ ಇದೆ, ಗಮನಿಸಿದ್ದೀಯಾ? ಅಲ್ಲಿಂದ ಐದನೇ ಮನೆ ನಿನ್ನದು. ನೀನು ರಜೆ ಹಾಕುವುದು ಬೇಡ. ಊಟ ಮಾಡಿಸುವುದು ಬೇಡ. ನಾಲ್ಕು ಜನ ಹೊರಗಿನವರು ಬರುತ್ತಾರೆ, ಚಹಾ ಕುಡಿದು ಹೋಗುತ್ತಾರೆ, ಅಷ್ಟೇ ಎಂದು ತಿಳಿ. ಅವರ ಎದುರು ಹಳೆಯ ಮಾತು ಯಾವುದೂ ಬರುವುದಿಲ್ಲ.

ಆ ಹಳೆಯ ಮಾತನ್ನು ಇಲ್ಲಿ ಒಮ್ಮೆ ಎತ್ತದೆ ಇದ್ದರೆ ಈ ಕಾಗದ ಸುಳ್ಳಾಗುತ್ತದೆ. ತೊಂಬತ್ತನಾಲ್ಕರಲ್ಲಿ ನನ್ನ ಅಪ್ಪ ತೀರಿಹೋದಾಗ ನಾನು ನೈಫಿನ ರೂಮಿನಲ್ಲಿದ್ದೆ, ಒಂದೇ ರೂಮಿನಲ್ಲಿ ಒಂಬತ್ತು ಜನ. ಊರಿನಿಂದ ಬಂದ ಫೋನನ್ನು ಉಮ್ಮರಬ್ಬ ತೆಗೆದುಕೊಂಡಿದ್ದ. ಅವನು ನನಗೆ ಹೇಳಿದ್ದು ನಲುವತ್ತು ದಿನ ಕಳೆದ ಮೇಲೆ. ಅಷ್ಟು ದಿನವೂ ಎಂಟು ಜನ ನನ್ನ ಮುಖ ನೋಡಿಕೊಂಡು ಏನೂ ಆಗದವರ ಹಾಗೆ ಉಂಡರು. ನಾನು ಜಗಳಕ್ಕೆ ಹೋದಾಗ ಅವನು, "ಹೇಳಿದ್ರೆ ನೀನು ಏನು ಮಾಡ್ತಿದ್ದಿ ಮಾರಾಯ? ಪಾಸ್‌ಪೋರ್ಟ್ ಕಂಪೆನಿಯವರ ಕೈಯಲ್ಲಿ. ಒಬ್ಬನೇ ಕೂತು ಕೂಗ್ಲಿಕ್ಕಾ?" ಎಂದ. ಆವತ್ತು ರಾತ್ರಿಯೂಟ ಅವನೇ ಬಡಿಸಿದ. ಗಲ್ಫಿನಲ್ಲಿ ಪ್ರೀತಿ ಎಂದರೆ ಇದು ಎಂದು ನಾನು ಕಲಿತದ್ದು ಹಾಗೆ. ದೂರ ಇರುವವನಿಗೆ ಕೆಟ್ಟ ಸುದ್ದಿ ಹೇಳಬಾರದು, ಅವನ ಕೆಲಸ ಮುಗಿಯಲಿ, ಆಮೇಲೆ ಸ್ವಲ್ಪ ಸ್ವಲ್ಪವೇ ಹೇಳೋಣ. ನಮ್ಮವರೆಲ್ಲ ಹೀಗೇ ಮಾಡುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ.

ಹಾಗಾಗಿ ಎರಡು ವರ್ಷದ ಹಿಂದೆ ಮಾರ್ಚ್ ಐದಕ್ಕೆ ಮಮ್ಮಿಗೆ ಎದೆನೋವು ಬಂದು ಇಲ್ಲಿಯ ಆಸ್ಪತ್ರೆಗೆ ಸೇರಿಸಿದಾಗ ನನಗೆ ಯೋಚಿಸಲಿಕ್ಕೇ ಇರಲಿಲ್ಲ. ಹದಿನೇಳಕ್ಕೆ ನಿನ್ನ ರಿಜಿಸ್ಟ್ರೇಶನ್ ಪರೀಕ್ಷೆ. ಅದು ಹೋದರೆ ಇಂಗ್ಲೆಂಡಿನ ಕೆಲಸವೇ ಹೋದೀತೆಂದು ಭಯ. ಹನ್ನೊಂದಕ್ಕೆ ಅವಳು ತೀರಿಕೊಂಡಳು, ಹದಿನಾಲ್ಕಕ್ಕೆ ಶಿರ್ವದ ಸಿಮಿತ್ರಿಯಲ್ಲಿ ಮಣ್ಣು ಮಾಡಿದೆವು, ಹದಿನೇಳರ ಸಂಜೆ ನಿನಗೆ ಹೇಳುವುದೆಂದು ಇಡೀ ಬಳಗಕ್ಕೆ ಕಟ್ಟಪ್ಪಣೆ ಮಾಡಿದ್ದೆ. ನೀನು ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದು ಫೋನ್ ಆನ್ ಮಾಡಿದಾಗ ನಿನ್ನ ಶಾಲೆಯ ಗೆಳೆಯ ಯಾರೋ ಸಂತಾಪ ಕಳಿಸಿದ್ದ. ನನಗಿಂತ ಹತ್ತು ನಿಮಿಷ ಮೊದಲು. ಆದರೆ ನೀನು ಮಾತು ಬಿಟ್ಟದ್ದು ಆ ಹತ್ತು ನಿಮಿಷಕ್ಕಲ್ಲ ಎಂದು ನನಗೆ ಗೊತ್ತು. ಆ ಆರು ದಿನ ಮಮ್ಮಿಯ ಫೋನಿನಿಂದ ನಿನಗೆ ಉತ್ತರ ಬರೆಯುತ್ತಿದ್ದವನು ನಾನು. ವಿಡಿಯೋ ಕಾಲ್ ಬಂದಾಗ ಇಗರ್ಜಿಗೆ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಹೋಗಿದ್ದಾಳೆ ಎಂದೆ, ಗಂಟಲು ಕಟ್ಟಿದೆ ಎಂದೆ. ಹದಿನಾಲ್ಕರಂದು ನೀನು "ಮಮ್ಮಿ, ಭಯ ಆಗ್ತದೆ" ಎಂದು ಬರೆದದ್ದಕ್ಕೆ ಶಿರ್ವದ ಸಿಮಿತ್ರಿಯ ಗೇಟಿನ ಬಳಿ ನಿಂತು "ನಾನಿದ್ದೇನಲ್ಲ ಪುತಾ" ಎಂದು ಒತ್ತಿದ್ದು ಈ ಕೈಯೇ.

ನೀನು ಪಾಸಾದೆ. ಅದನ್ನು ನೆನೆದು ಎಷ್ಟೋ ಸಲ ಸಮಾಧಾನ ಮಾಡಿಕೊಂಡೆ. ನಿನ್ನ ಪರೀಕ್ಷೆ ಹಾಳಾಗುವುದು ಮಮ್ಮಿಗೂ ಬೇಡವಾಗಿತ್ತು, ಅವಳೇ ಹೇಳಬೇಡಿ ಎಂದಿದ್ದಳು ಎಂದು ಆವತ್ತು ಫೋನಿನಲ್ಲಿ ಹೇಳಿದ್ದೆನಲ್ಲ. ನೀನು ಫೋನ್ ಇಟ್ಟುಬಿಟ್ಟೆ. ಸೆಪ್ಟೆಂಬರ್ ಎಂಟು ಸೋಮವಾರ, ಮೊಂತಿ ಹಬ್ಬ. ಮಮ್ಮಿ ಇದ್ದಾಗ ಆ ದಿನ ಮನೆಯವರು ಯಾರು ಎಲ್ಲಿದ್ದರೂ ಹೊಸ ಅಕ್ಕಿಯ ಪಾಯಸ ಒಟ್ಟಿಗೆ ಉಣ್ಣಬೇಕೆಂದು ಹಟ ಮಾಡುತ್ತಿದ್ದಳು. ಮಾರ್ಗೇಟಿಗೆ ನಾವು ಏಳಕ್ಕೇ ತಲುಪುವ ಹಾಗೆ ರೋಸ್ಟರ್ ಹಾಕಿದ್ದು ತೀರಾ ಆಕಸ್ಮಿಕವೇನಲ್ಲ ಎಂದು ನಿನಗೆ ಅರ್ಥವಾಗುತ್ತದೆ. ಉಳಿದವರು ಬ್ರಾಡ್‌ಸ್ಟೇರ್ಸ್ ನೋಡಲಿಕ್ಕೆ ಹೋಗಬಹುದು. ನಾನು ಒಂದು ಹೊತ್ತು ನಿನ್ನಲ್ಲಿ ಕೂರಬಹುದೇ ಎಂಬುದಷ್ಟೇ ನನ್ನ ಪ್ರಶ್ನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಚಳಿಗೆ ಕಿವಿ ಮುಚ್ಚಿಕೋ. ನಿನ್ನ ವಾರ್ಡಿನ ಮುದುಕರಿಗೆಲ್ಲ ಈ ಮುದುಕನ ನಮಸ್ಕಾರ ಹೇಳು. ನಿನ್ನ ಹಣೆಗೆ ಶಿಲುಬೆಯ ಗುರುತು ಹಾಕಿ ಆಶೀರ್ವದಿಸುತ್ತಿದ್ದೇನೆ, ಅದು ದೂರದಿಂದಲೂ ತಲುಪುತ್ತದೆ ಎಂದು ಪಾದ್ರಿಗಳು ಹೇಳುತ್ತಾರೆ. ದೇವ್ ಬರೆಂ ಕರುಂ.

ನಿನ್ನ ಪಪ್ಪಾ,
ಆನ್ಸೆಲ್ಮ್

ತಾ.ಕ.: ಲಕೋಟೆ ಅಂಟಿಸಿದ್ದನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ನಾಲ್ವರು ಎಂದು ಬರೆದೆನಲ್ಲ, ಅದು ಚಳಿಗಾಲದ ಮಾತು. ಲಿಡ್ವಿನ್‌ಗೆ ಮಾರ್ಚಿನಲ್ಲಿ ಮೊಣಕಾಲಿನ ಆಪರೇಶನ್ ಆಯಿತು. ಎಲ್ರಾಯ್ ರಾಸ್ ಅಲ್ ಖೈಮಾದಲ್ಲಿ ಹೊಸ ಕೆಲಸಕ್ಕೆ ಸೇರಿದ, ರಜೆ ಇಲ್ಲ. ಉಮ್ಮರಬ್ಬ ಅಂಗಡಿ ಖಲಾಸ್ ಮಾಡಿ ಪೆರ್ನಾಲ್ ಹಬ್ಬ ಕಳೆದ ಮೇಲೆ ಊರಿಗೆ ಹೋದ, ಇನ್ನು ಬರುವುದಿಲ್ಲ. ವೀಸಾ ಸಿಕ್ಕಿದ್ದು, ಟಿಕೆಟ್ ತೆಗೆದದ್ದು ನಾನೊಬ್ಬನೇ. ನಾಲ್ಕು ಜನ ಅತಿಥಿಗಳ ಎದುರು ನೀನು ಮುಖ ತಿರುಗಿಸಲಾರೆ ಎಂದು ಹಾಗೆ ಬರೆದೆ. ಕೆಟ್ಟ ಸುದ್ದಿಯನ್ನು ಕೊನೆಗೆ ಉಳಿಸುವ ಅಭ್ಯಾಸ ನೋಡು.

ಇನ್ನೊಂದು ಇದೆ. ಹೇಳಬೇಡಿ ಎಂದು ಮಮ್ಮಿ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಸೋಮವಾರ, ಮಂಗಳವಾರ, ಬುಧವಾರ, ಮೂರು ದಿನವೂ "ರಯಾನ್‌ಗೆ ಫೋನ್ ಮಾಡಿ, ಒಮ್ಮೆ ಸ್ವರ ಕೇಳ್ತೇನೆ" ಎಂದಳು. ನಾನು ಅವಳ ಬೆಡ್‌ಶೀಟಿನ ಮೂಲೆ ಮಡಚಿ ಸಿಕ್ಕಿಸುತ್ತಾ ಲೈನ್ ಸಿಗುವುದಿಲ್ಲ ಎಂದೆ. ಮೂರೂ ದಿನ ಹಾಗೇ ಎಂದೆ. ಬುಧವಾರ ಅವಳು, "ಇರ್ಲಿ ಬಿಡಿ, ಅವನಿಗೆ ಡ್ಯೂಟಿ ಇರ್ಬೇಕು" ಎಂದಳು. ಆಮೇಲೆ ಕೇಳಲಿಲ್ಲ. ನಾನು ಮಾಡಿದ್ದು ತಪ್ಪು ರಯಾನ್. ಪದ್ಧತಿಯಲ್ಲ, ಪ್ರೀತಿಯಲ್ಲ, ತಪ್ಪು.

ಇದನ್ನು ಮಾರ್ಗೇಟಿಗೆ ಬಂದೇ ಹೇಳಬೇಕೆಂದಿದ್ದೆ. ಆದರೆ ಸೈಕಲ್ ಹಿಡಿದುಕೊಂಡು ಎದುರಿಗೆ ನಿಂತ ಮುದುಕನಿಗೆ ಹೋಗು ಎನ್ನುವುದು ನಿನ್ನಿಂದ ಆಗದು. ಹಾಗೆ ನಿನ್ನನ್ನು ಕಟ್ಟಿಹಾಕುವುದು ಬೇಡವೆಂದು ಈಗಲೇ ಬರೆದೆ. ಇಷ್ಟು ಗೊತ್ತಾದ ಮೇಲೂ ಬಾ ಎಂದರೆ ಬರುತ್ತೇನೆ. ಬೇಡ ಎಂದರೆ, ಅಥವಾ ಏನೂ ಬರೆಯದಿದ್ದರೆ, ಆಗಸ್ಟ್ ಕೊನೆಗೆ ಟಿಕೆಟ್ ಕ್ಯಾನ್ಸಲ್ ಮಾಡುತ್ತೇನೆ. ಇಲ್ಲಿ ಕೇಳಿದವರಿಗೆ ಹೋಟೆಲಿನಲ್ಲಿ ರಜೆ ಸಿಗಲಿಲ್ಲ ಎಂದು ಹೇಳುತ್ತೇನೆ. ಅದೊಂದು ಸುಳ್ಳಿಗೆ ಮಾತ್ರ ನಿನ್ನ ಒಪ್ಪಿಗೆ ಬೇಕು.