ಕುದಿಸಿದ ಸಾಕೆ

ಅಚ್ಯುತ,

ಸತ್ತವನನ್ನು ಕ್ಷೇಮವೇ ಎಂದು ಕೇಳುವ ಹಾಗಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವ ಹಾಗೂ ಇಲ್ಲ. ಮುಂದಿನ ವಾರ ನಿನ್ನ ವರ್ಷದ ತಿಥಿ. ಲಿವರ್‌ಮೋರ್ ದೇವಸ್ಥಾನದ ಪುರೋಹಿತರಿಗೆ ನಾನೇ ಹೇಳಿಟ್ಟಿದ್ದೆ. ನಿನ್ನೆ ರಂಜನಿ ಫೋನ್ ಮಾಡಿದರು. "ಕ್ಯಾನ್ಸಲ್ ಮಾಡ್ಬಿಡಿ ರಘು. ನಮ್ ಜೊತೆ ಇರ್ಬೇಕು ಅಂತ ಅವ್ರಿಗೇ ಇರ್ಲಿಲ್ಲ, ನಾನ್ಯಾಕೆ ತಿಥಿ ಮಾಡಿಸ್ಲಿ" ಎಂದರು. ನೀನು ಕದ್ದು ಕುಡಿದು ಜೀವ ಕಳೆದುಕೊಂಡೆ ಎಂದು ನಿನ್ನ ಹೆಂಡತಿ ನಂಬಿದ್ದಾರೆ. ಒಂದು ವರ್ಷದಿಂದ ಹಾಗೆ ನಂಬಲು ಬಿಟ್ಟವನು ನಾನು.

ಸಾಕೆ ಎಂಬ ಜಪಾನಿ ಮದ್ಯದ ರುಚಿ ಹತ್ತಿಸಿದವನು ನೀನು, ಅಷ್ಟನ್ನಾದರೂ ನಿನ್ನ ತಲೆಗೆ ಕಟ್ಟುತ್ತೇನೆ. ನಲವತ್ತು ದಾಟುವವರೆಗೆ ಕಾಫಿಗಿಂತ ಗಟ್ಟಿಯಾದದ್ದನ್ನು ಮುಟ್ಟದ ಮೈಸೂರಿನವರು ನಾವು. ನೀನು ಕೆಲಸಕ್ಕಿದ್ದ ಎಮರಿವಿಲ್‌ನ ಸ್ಟುಡಿಯೋದಲ್ಲಿ ಜಪಾನಿನ ಸಹೋದ್ಯೋಗಿಯೊಬ್ಬ ಕೆಲಸ ಬಿಡುವಾಗ ಒಂದು ಬಾಟಲಿ ಕೊಟ್ಟುಹೋದ. "ಅಕ್ಕಿಯಿಂದ ಮಾಡೋದಂತೆ ಕಣೋ. ಅಂದ್ಮೇಲೆ ನಮ್ಮೋರೇ" ಎಂದು ನೀನು ಶಾಸ್ತ್ರ ಹೇಳಿದೆ. ಆಮೇಲೆ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಫ್ರೀಮಾಂಟಿನ ನಿನ್ನ ಅಡುಗೆಮನೆಯಲ್ಲಿ ನಮ್ಮಿಬ್ಬರ ಸಭೆ. ಒಂದೇ ಬಾಟಲಿ, ನಾಲ್ಕೈದು ಹದ. ಫ್ರಿಜ್ಜಿನಿಂದ ತೆಗೆದಾಗ ಅದು ಬಾಯಿ ಬಿಡದ ಬೀಗರ ಹಾಗೆ ಇರುತ್ತಿತ್ತು. ಹೊರಗಿಟ್ಟು ಅರ್ಧ ಗಂಟೆಯಾದರೆ ಹಣ್ಣಿನ ವಾಸನೆ. ಬಿಸಿನೀರಿನ ಪಾತ್ರೆಯಲ್ಲಿ ಹೂಜಿ ಇಳಿಬಿಟ್ಟು ಐವತ್ತು ಡಿಗ್ರಿಗೆ ಏರಿಸಿದರೆ ಮೂಗಿಗೆ ಹೊಡೆಯುವ ಖಾರ. ನಿನಗೆ ಇಷ್ಟವಾದದ್ದು ಇವೆರಡರ ನಡುವಿನ ಮೈಶಾಖದ ಹದ. ರಂಜನಿ ಮೊಸರಿಗೆ ಹೆಪ್ಪು ಹಾಕಲು ತಂದಿದ್ದ ಥರ್ಮಾಮೀಟರನ್ನು ಕದ್ದು ನೀನು ಅಳೆಯುತ್ತಿದ್ದೆ. ಆ ಹದದಲ್ಲಿ ಆಗಷ್ಟೇ ಬಸಿದ ಗಂಜಿಯ ವಾಸನೆ ಬರುತ್ತಿತ್ತು. ನೀನು ಕಣ್ಣು ಮುಚ್ಚಿಕೊಂಡು ಒಂದೊಂದೇ ಗುಟುಕು ಕುಡಿಯುತ್ತಿದ್ದೆ. ತನ್ನ ಬಟ್ಟಲಿಗೆ ತಾನೇ ಬಗ್ಗಿಸಿಕೊಳ್ಳಬಾರದು, ಎದುರಿಗಿದ್ದವರು ಬಗ್ಗಿಸಬೇಕು ಎನ್ನುವ ಜಪಾನಿಗಳ ಪದ್ಧತಿಯನ್ನು ನೀನು ಮಡಿಯಷ್ಟೇ ಕಟ್ಟುನಿಟ್ಟಾಗಿ ಹಿಡಿದಿದ್ದೆ. ನಾನು ಮಾತಿನಲ್ಲಿ ಮರೆತರೆ ನೀನು ಖಾಲಿ ಬಟ್ಟಲು ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದೆ.

ನಿನ್ನ ಲಿವರ್ ಕೆಟ್ಟದ್ದು ತಿಂಗಳಿಗೆ ನಾಲ್ಕು ಬಟ್ಟಲಿನಿಂದಲ್ಲ, ಸಕ್ಕರೆ ಕಾಯಿಲೆಯಿಂದ ಎಂದು ಡಾಕ್ಟರೇ ಹೇಳಿದರು. ಆದರೆ ಬದಲಿ ಲಿವರ್‌ಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರಿರಬೇಕಾದರೆ ಒಂದು ತೊಟ್ಟೂ ಮುಟ್ಟುವಂತಿಲ್ಲ, ಯಾವಾಗ ಬೇಕಾದರೂ ಪರೀಕ್ಷೆಗೆ ಕರೆಯುತ್ತೇವೆ ಎಂದು ಸಹಿ ಹಾಕಿಸಿಕೊಂಡರು. ಹದಿನಾಲ್ಕು ತಿಂಗಳು ನೀನು ಮುಟ್ಟಲಿಲ್ಲ. ರಂಜನಿ ಉಪ್ಪಿಲ್ಲದ ಸಾರು ಮಾಡಿ, ತಾವೂ ಅದನ್ನೇ ಉಂಡರು.

ಹೋದ ವರ್ಷ ಫೆಬ್ರವರಿಯಲ್ಲಿ ಅವರು ನಿನ್ನ ಹೆಸರಲ್ಲಿ ಪೂಜೆ ಮಾಡಿಸಲು ಲಿವರ್‌ಮೋರ್‌ಗೆ ಹೊರಟರು. "ಮಧ್ಯಾಹ್ನ ಸ್ವಲ್ಪ ಇವರ ಹತ್ರ ಕೂತಿರ್ತೀರಾ?" ಎಂದು ನನ್ನನ್ನು ಕೇಳಿದರು. ಹಿಂದಿನ ದಿನ ನೀನು ಫೋನಿನಲ್ಲಿ, "ಬಾಯಿ ಸತ್ತುಹೋಗಿದೆ ಕಣೋ. ಕುಡಿಯಲ್ಲ, ಒಂದ್ಸಲ ವಾಸನೆ ನೋಡ್ತೀನಿ" ಎಂದಿದ್ದೆ. ನಾನು ಬಾಟಲಿ ತಂದೆ. ವಾಸನೆಗಾದರೆ ಮುಚ್ಚಳ ತೆಗೆದರೆ ಸಾಕಿತ್ತು. ನಾನು ಒಲೆಯ ಮೇಲಿಟ್ಟು ಕುದಿಸಿದೆ. ಐದು ನಿಮಿಷ ಗಡಿಯಾರ ನೋಡಿ ಕುದಿಸಿ, "ಅಮಲಿನ ಅಂಶವೆಲ್ಲ ಹಾರಿಹೋಯ್ತು, ಇನ್ನು ಇದು ಬರೀ ಅಕ್ಕಿ ನೀರು" ಎಂದೆ. ಆರಿಸಿ, ಅದೇ ಥರ್ಮಾಮೀಟರಿನಲ್ಲಿ ಅಳೆದು, ಮೈಶಾಖಕ್ಕೆ ಬಂದಾಗ ಬಗ್ಗಿಸಿದೆ. ನೀನು ಕುಡಿದು ಮತ್ತೆ ಬಟ್ಟಲು ಚಾಚಿದೆ. ನಾನು ಮತ್ತೆ ಬಗ್ಗಿಸಿದೆ.

ಕೆಮಿಕಲ್ ಎಂಜಿನಿಯರಿಂಗ್ ಓದಿದವನು ನಾನು. ಐದು ನಿಮಿಷಕ್ಕೆ ಎಷ್ಟು ಹಾರುತ್ತದೆ, ಎಷ್ಟು ಉಳಿಯುತ್ತದೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ನಂಬಬೇಕು ಅನ್ನಿಸಿತು, ನಂಬಿದೆ. ನಿನ್ನ ಮುಖದಲ್ಲಿ ತಿಂಗಳುಗಳ ಮೇಲೆ ಸುಖ ಕಾಣಿಸಿತ್ತು, ಅದನ್ನು ತರಿಸಿದವನು ನಾನು ಎಂಬ ಹೆಮ್ಮೆಯೂ ಇತ್ತು. ಆಮೇಲೆ ಬಟ್ಟಲು ತೊಳೆದು, ಕಿಟಕಿ ತೆರೆದು, ಊದುಬತ್ತಿ ಹಚ್ಚಿದೆ. ಬರೀ ಅಕ್ಕಿ ನೀರಿಗೆ ಯಾರೂ ಊದುಬತ್ತಿ ಹಚ್ಚುವುದಿಲ್ಲ.

ಮಾರನೆಯ ದಿನವೇ ಪರೀಕ್ಷೆಗೆ ಕರೆ ಬಂತು. ಒಂದು ವಾರದಲ್ಲಿ ನಿನ್ನ ಹೆಸರು ಪಟ್ಟಿಯಿಂದ ಹೋಯಿತು. ಆರು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಿ ಎಂದರು. ನಿನಗಿದ್ದದ್ದು ಮೂರು ತಿಂಗಳು. ಆಸ್ಪತ್ರೆಯಲ್ಲಿ ಯಾರು ಕೊಟ್ಟರೆಂದು ಕೇಳಿದಾಗ ನೀನು "ನಾನೇ ಬಗ್ಗಿಸ್ಕೊಂಡೆ" ಎಂದೆ. ರಂಜನಿಯ ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ. ನೀನು ಒಂದೇ ಸಲ ನನ್ನತ್ತ ನೋಡಿದೆ. ನಾನು ಫೋನು ನೋಡುತ್ತಿದ್ದೆ. ಹೊರಗೆ ಕಾರಿನ ಹತ್ತಿರ, "ಬಿಡೋ. ನಾಳೆ ಅವಳಿಗೆ ಯಾರಾದ್ರೂ ಬೇಕಲ್ಲ" ಎಂದು ನೀನು ಮೆಲ್ಲಗೆ ಹೇಳಿದೆ. ಆ ಮಾತನ್ನು ನಾನು ಅಪ್ಪಣೆ ಎಂದು ತೆಗೆದುಕೊಂಡೆ. ನೀನು ಹೋದ ಮೇಲೆ ಅವರ ಇನ್ಶೂರೆನ್ಸಿನ ಕಾಗದ ತುಂಬಿಸಿದೆ, ಗ್ರೋಸರಿ ತಂದುಕೊಟ್ಟೆ, ಅವರ ಕೈಯಡುಗೆ ಉಂಡೆ. "ನೀವೊಬ್ಬರು ಇಲ್ದಿದ್ರೆ" ಎಂದು ಅವರು ಕಣ್ಣೊರೆಸಿಕೊಂಡಾಗಲೂ ತಲೆ ತಗ್ಗಿಸಿ ಉಂಡೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವನು ನೀನು.

ಇದನ್ನೂ ನುಂಗಿಕೊಂಡು ಇರುತ್ತಿದ್ದೆನೋ ಏನೋ. ನಿನ್ನೆ ರಂಜನಿಯ ಕೈಯಿಂದ ನಿಸರ್ಗಾ ಫೋನು ತೆಗೆದುಕೊಂಡಳು. ನಿನ್ನ ಮಗಳಿಗೆ ಈಗ ಹತ್ತೊಂಬತ್ತು. ಅಳಲಿಲ್ಲ, ಇಂಗ್ಲಿಷಿನಲ್ಲಿ ತಣ್ಣಗೆ ಹೇಳಿದಳು: ಅಪ್ಪನ ಮುಂದೆ ನಾವಿದ್ದೆವು, ಕುಡಿತವೂ ಇತ್ತು, ಅವರು ಅದನ್ನು ಆರಿಸಿಕೊಂಡರು, ಅಷ್ಟೇ ಅಂಕಲ್. ಮುಂದೆ ಅವಳ ಮಕ್ಕಳಿಗೂ ಅವಳು ಹೀಗೆಯೇ ಹೇಳುತ್ತಾಳೆ.

ಈಗ ನಿಮ್ಮ ಮನೆಯ ಮುಂದೆ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲ ಸಂದಿಯಲ್ಲಿ ಕಾಗದ ತೂರಿಸಿ ಹೋಗಿಬಿಡೋಣ ಎಂದುಕೊಂಡೇ ಬಂದೆ. ಆದರೆ ನಿಸರ್ಗಾಳಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ತಿಳಿಯುತ್ತದೆ. ತಾಯಿಯ ಕೈಯಲ್ಲಿ ಇದನ್ನು ಓದಿಸುವಷ್ಟು ಕ್ರೂರಿ ನಾನಲ್ಲ ಎಂದುಕೊಳ್ಳಲು ಆಸೆ. ಹಾಗಾಗಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಾನೇ ಓದಬೇಕು, ಮೊದಲ ಸಾಲಿನಿಂದ.

ಓದಿದ ಮೇಲೆ ಆ ಮನೆಯಲ್ಲಿ ನನಗೆ ಜಾಗವಿರುವುದಿಲ್ಲ. ನಿನಗಿರಲಿ. ಹೋಗಿ ಬರುತ್ತೇನೆ ಅಚ್ಯುತ, ನೀನಿರುವಲ್ಲಿ ತಣ್ಣಗಿರು.

ರಘೋತ್ತಮ