ಟ್ಯಾಂಕಿಯ ಬಳಿ, ಭಾನುವಾರ ನಾಲ್ಕಕ್ಕೆ

ಮನೆ, ಹಿಂದಿನ ಕೋಣೆ
ತಾ. 14, ಮಂಗಳವಾರ ಸಂಜೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಡ ಭುಜದ ನೋವು ಈಗ ಹೇಗಿದೆ? ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಹೊರುವ ಕೆಲಸ ಎಂದು ನಿನ್ನ ವೆಲ್ಡರ್ ಗೆಳೆಯ ಹೇಳಿದ. ಆ ಚಳಿಯಲ್ಲಿ ಕೈಗವಸು ಕೊಡುತ್ತಾರೋ ಇಲ್ಲವೋ? ಕೊಡದಿದ್ದರೆ ಕೇಳು, ಅದು ಭಿಕ್ಷೆಯಲ್ಲ, ಹಕ್ಕು. ವಿಳಾಸ ಕೊಟ್ಟವನು ಅವನೇ. "ನನ್ನ ಹೆಸರು ಹೇಳ್ಬೇಡ ಮಾರಾಯ್ತಿ" ಅಂದಿದ್ದ. ಹೇಳಿಬಿಟ್ಟೆ. ಸುಳ್ಳು ನನ್ನ ತತ್ವಕ್ಕೆ ಒಗ್ಗುವುದಿಲ್ಲ, ನಿನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾರೆ, ಅಂದರೆ ಎರಡು ಹೊತ್ತು ಊಟ ಮಾಡುತ್ತಾರೆ, ಅಂಗಡಿ ತೆಗೆಯುತ್ತಾರೆ, ಊರವರ ಬೀಗ ಬಿಚ್ಚುತ್ತಾರೆ, ಬಾಯಿ ಮಾತ್ರ ಬಿಚ್ಚುವುದಿಲ್ಲ. ಅಮ್ಮ ಹೋದ ಮೇಲೆ ಮೂವರಿದ್ದ ಮನೆ ಇದು. ಈಗ ಇಬ್ಬರಿದ್ದೇವೆ, ಆದರೆ ಸದ್ದು ಅರ್ಧ ಆಳಿನದ್ದೂ ಇಲ್ಲ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಾವು ಟಿವಿಯಲ್ಲಿ ಆಡುತ್ತಿದ್ದ ಬಂದೂಕಿನ ಆಟದ ಮೂರನೇ ಭಾಗವನ್ನು ಮುಚ್ಚುತ್ತಿದ್ದಾರೆ. ಇದೇ ಮೂವತ್ತಕ್ಕೆ ಸರ್ವರ್ ನಿಲ್ಲುತ್ತದೆ. ಆಮೇಲೆ ಹಳೇ ಬಂದರು ಇಲ್ಲ, ತುಕ್ಕು ಹಿಡಿದ ಕ್ರೇನ್ ಇಲ್ಲ, ನೀನು ಸದಾ ಬಿದ್ದು ಸಾಯುತ್ತಿದ್ದ ಆ ಮೆಟ್ಟಿಲಿಲ್ಲ, ನೀರಿನ ಟ್ಯಾಂಕಿಯೂ ಇಲ್ಲ. ಹೀಗೆ ಒಂದು ಊರನ್ನೇ ಅಳಿಸಿಹಾಕುವುದಕ್ಕೆ ಅವರಿಗೆ ಬೇಕಾದದ್ದು ನಾಲ್ಕು ಸಾಲಿನ ಪ್ರಕಟಣೆ. ಅದರ ಕೊನೆಯಲ್ಲಿ ನಗುವ ಮುಖದ ಗುರುತು ಬೇರೆ.

ಈ ಆಟ ನಮ್ಮಿಂದ ಏನೇನು ಕಿತ್ತುಕೊಂಡಿದೆ ಎಂದು ಒಮ್ಮೆ ಲೆಕ್ಕ ಹಾಕು. ಮೊದಲನೇ ಭಾಗದಲ್ಲಿ ಒಂದೇ ಟಿವಿಯನ್ನು ಎರಡು ಭಾಗ ಮಾಡಿ ಆಡುತ್ತಿದ್ದೆವು. ಮೇಲಿನರ್ಧ ನಿನ್ನದು, ಕೆಳಗಿನರ್ಧ ನನ್ನದು, ನೀನು ನನ್ನ ಅರ್ಧದಲ್ಲಿ ಇಣುಕಿ ನೋಡಿ ಮೋಸ ಮಾಡುತ್ತಿದ್ದೆ. ನಾಲ್ಕನೇ ಭಾಗದಲ್ಲಿ ಅದನ್ನೇ ತೆಗೆದುಹಾಕಿದರು. ಒಂದು ಮನೆಯ ಇಬ್ಬರು ಆಡಬೇಕೆಂದರೆ ಎರಡು ಟಿವಿ, ಎರಡು ಯಂತ್ರ, ಎರಡು ಕೋಣೆ. ಒಂದೇ ಚಾಪೆಯ ಮೇಲಿದ್ದವರನ್ನು ಎರಡು ಕೋಣೆಗೆ ಹಾಕಿ ಅದಕ್ಕೆ ಪ್ರಗತಿ ಎಂದು ಹೆಸರಿಟ್ಟರು. ಐದರಲ್ಲಿ ಒಂದು ಸುತ್ತು ಮುಗಿದ ಕೂಡಲೇ ಜೊತೆಗಿದ್ದವರನ್ನೆಲ್ಲ ಚದುರಿಸಿ ಹೊಸ ಅಪರಿಚಿತರನ್ನು ತಂದು ನಿಲ್ಲಿಸುತ್ತಾರೆ. ಬೈದುಕೊಂಡು ಪರಿಚಯವಾಗುವಷ್ಟೂ ಪುರುಸೊತ್ತಿಲ್ಲ. ಆರರಲ್ಲಿ ಮೊಲದ ವೇಷ ತೊಟ್ಟವನೊಬ್ಬ ನನ್ನನ್ನು ಕೊಂದು ನನ್ನ ಹೆಣದ ಮೇಲೆ ಕುಣಿದ. ದುಡ್ಡು ಕೊಟ್ಟು ಕೊಳ್ಳಬೇಕಾದ ಆ ವೇಷ ನನ್ನ ಚಪ್ಪಲಿಗಿಂತ ದುಬಾರಿ. ಬಂದರಿನ ಗೋಡೆಯ ತೇವವನ್ನು, ತಗಡಿನ ತುಕ್ಕನ್ನು ಅಷ್ಟು ಪ್ರೀತಿಯಿಂದ ಬರೆದ ಚಿತ್ರಕಾರರನ್ನು ಕೆಲಸದಿಂದ ತೆಗೆದರಂತೆ. ದುಡಿದವರೂ ಹೊರಗೆ, ಆಡಿದವರೂ ಹೊರಗೆ. ಹಾಗಾದರೆ ಈ ಆಟ ಯಾರದ್ದು?

ಇದನ್ನೆಲ್ಲ ಕರಪತ್ರ ಮಾಡಿದೆ. ನಗಬೇಡ. ಪ್ರೆಸ್‌ನಲ್ಲಿ ದಿನವಿಡೀ ಬೇರೆಯವರ ಕರಪತ್ರ ಮಡಚುತ್ತೇನೆ, ಮಡಚುವ ಮೊದಲು ಓದುತ್ತೇನೆ. ನನ್ನ ಕಾಲೇಜು ಅದೇ. ಕತ್ತರಿಸಿ ಉಳಿದ ಅಂಚುಕಾಗದದಲ್ಲಿ ಇನ್ನೂರು ಪ್ರತಿ ಹೊಡೆದೆ. ಪ್ರೂಫ್ ನೋಡುವ ತಾತ ಕನ್ನಡಕ ಏರಿಸಿ ಓದಿ, "ಹನ್ನೊಂದು ತಪ್ಪಿದೆ ಕಣಮ್ಮ. ಹತ್ತನ್ನ ತಿದ್ದಿದೀನಿ, ಹನ್ನೊಂದನೇದು ನಿನ್ನ ಸಿಟ್ಟು, ಅದು ನನ್ನ ಕೈಲಾಗಲ್ಲ" ಅಂದರು. ಆಟದ ಅಂಗಡಿಯವನು ನಲವತ್ತು ಪ್ರತಿ ಇಟ್ಟುಕೊಂಡ. ನಾನು ಮಾರನೆಯ ದಿನ ಹೋದಾಗ ಅದರಿಂದ ಗಾಜು ಒರೆಸುತ್ತಿದ್ದ. ಆದರೂ ನಾನೂ ಸೇರಿ ಇಪ್ಪತ್ಮೂರು ಜನ ಆದೆವು. ನಮ್ಮ ಬೀದಿಯ ಕ್ಷೌರಿಕನೂ ಬಂದ, ಗೊತ್ತಲ್ಲ, ಗುರಿ ಇಡುವಾಗ ನಾಲಿಗೆ ಹೊರಹಾಕುವವನು. ಎಲ್ಲರೂ ಪ್ರತಿಜ್ಞೆ ಮಾಡಿದೆವು: ಆ ಕಂಪನಿಯ ಎಲ್ಲ ಭಾಗಗಳನ್ನೂ ಅಳಿಸಬೇಕು, ಒಂದು ತಿಂಗಳು ಮುಟ್ಟಬಾರದು. ಆಟಗಾರರಿಲ್ಲದ ಖಾಲಿ ಆಟವನ್ನು ನೋಡಿ ಅವರಿಗೆ ಬುದ್ಧಿ ಬರಬೇಕು. ಕರೆ ಕೊಟ್ಟವಳೇ ಹಿಂದುಳಿಯಬಾರದೆಂದು ಎಲ್ಲರ ಮುಂದೆ ಮೊದಲು ಅಳಿಸಿದವಳು ನಾನು. ಚಪ್ಪಾಳೆಯೂ ಬಿತ್ತು.

ಎರಡು ವಾರಕ್ಕೆ ಪ್ರಕಟಣೆ ಬಂತು. ಮೂರನೇ ಭಾಗವನ್ನು ಈಗ ಯಾರೂ ಆಡುತ್ತಿಲ್ಲವಾದ್ದರಿಂದ ಮುಚ್ಚುತ್ತಿದ್ದೇವೆ ಎಂದು.

ಆ ಸಾಲನ್ನು ಎಷ್ಟು ಸಲ ಓದಿದೆನೋ. ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದಲ್ಲದೆ ಇಪ್ಪತ್ತೆರಡು ಜನರ ಕೈಯಲ್ಲೂ ಹಾಕಿಸಿದ್ದೆ. ತಾತ ಸಮಾಧಾನ ಮಾಡಿದರು, ಅವರದೇ ರೀತಿಯಲ್ಲಿ. "ನೀವಿಷ್ಟು ಜನ ಬಿಟ್ಟಿದ್ದಕ್ಕೇ ಮುಚ್ಚಿದ್ರು ಅಂತ ಬೀಗಬೇಡ. ನೀನು ಅಷ್ಟು ದೊಡ್ಡೋಳಲ್ಲ." ಇರಬಹುದು. ಆದರೂ ಅವರಿಗೆ ಬೇಕಿದ್ದ ನೆಪವನ್ನು ತಟ್ಟೆಯಲ್ಲಿಟ್ಟು ಕೊಟ್ಟವಳು ನಾನೇ ತಾನೆ?

ಇಷ್ಟೇ ಆಗಿದ್ದರೆ ನಿನಗೆ ಕಾಗದ ಬರೆಯುತ್ತಿರಲಿಲ್ಲ. ಹೋದ ವಾರ ಕ್ಷೌರಿಕ ನನ್ನನ್ನು ಅಂಗಡಿಗೆ ಕರೆದು, ಕುರ್ಚಿ ಮೇಲೆ ಕೂರಿಸಿ, ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ ಒಪ್ಪಿಕೊಂಡ. ಎದುರಿಗೆ ನಿಂತು ಹೇಳುವ ಧೈರ್ಯ ಅವನಿಗಿರಲಿಲ್ಲ. ಪ್ರತಿಜ್ಞೆ ಮಾಡಿದ ಮೇಲಿನ ಮೊದಲ ಭಾನುವಾರವೇ ಅವನು ತಡೆಯಲಾರದೆ ಹಳೇ ಬಂದರಿಗೆ ಹೋಗಿದ್ದನಂತೆ. ನನ್ನ ಬಾಯಲ್ಲಿ "ದ್ರೋಹಿ" ಎಂಬ ಮಾತು ಅರ್ಧ ಬಂದಿತ್ತು. ಅಷ್ಟರಲ್ಲಿ ಅವನು, "ನಿಮ್ಮಣ್ಣ ಇದ್ದ" ಅಂದ. ತಲೆಯ ಮೇಲೆ ಆಟದಲ್ಲಿನ ನಿನ್ನ ಹೆಸರು, ಕುಂಟ ಕುದುರೆ, ಇತ್ತಂತೆ. ಬೇರೆ ಯಾರೂ ಇರಲಿಲ್ಲವಂತೆ. ಟ್ಯಾಂಕಿಯ ಬಳಿ ನಿಂತು ಎರಡು ಸಲ ಕೂತು ಎದ್ದೆಯಂತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು ಸಲ.

ಅಣ್ಣಾ, ಹಾಗೆ ಕೂತು ಏಳುವುದರ ಅರ್ಥ ಈ ಲೋಕದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಬೇರೆ ಬೇರೆ ಕಡೆಯಿಂದ ಆಡುವಾಗ ಮೈಕು ಕೆಟ್ಟುಹೋಗಿದ್ದ ಕಾಲದಲ್ಲಿ ಮಾಡಿಕೊಂಡ ಸಂಜ್ಞೆ: ನಾನು ಬಂದೆ, ನೀನಿದ್ದೀಯಾ?

"ನೀನೇನು ಮಾಡಿದೆ?" ಎಂದು ಕೇಳಿದೆ. ಕ್ಷೌರಿಕ ಬಾಚಣಿಗೆ ಒರೆಸುತ್ತಾ, "ಅಭ್ಯಾಸ ಬಲ, ಹೊಡೆದುಬಿಟ್ಟೆ" ಅಂದ. ನೀನು ಮತ್ತೆ ಹುಟ್ಟಿ ಬಂದು, ಅಷ್ಟು ದೂರ ನಡೆದು, ಅದೇ ಟ್ಯಾಂಕಿಯ ಬಳಿ ನಿಂತೆಯಂತೆ. ಒಂದು ಗುಂಡೂ ಹಾರಿಸಲಿಲ್ಲವಂತೆ. ಅವನಿಗೆ ಹೆದರಿಕೆಯಾಗಿ ಹೊರಗೆ ಬಂದನಂತೆ.

ನೀನು ಪ್ರತಿ ಭಾನುವಾರ ನಮ್ಮ ಹಳೇ ಹೊತ್ತಿಗೆ, ನಾಲ್ಕಕ್ಕೆ, ಬರುತ್ತಿದ್ದೆಯಾ? ನನ್ನ ರಜೆಯನ್ನು ಬುಧವಾರಕ್ಕೆ ಬದಲಾಯಿಸಿ ವರ್ಷವಾಯಿತು. ಅಂದಿನಿಂದ ಆಟ ಅಳಿಸುವವರೆಗೆ ನಾನು ಪ್ರತಿ ಬುಧವಾರ ಅದೇ ಟ್ಯಾಂಕಿಯ ಬಳಿ ನಿಂತಿದ್ದೇನೆ. ಒಂದೇ ಜಾಗ, ಬೇರೆ ಬೇರೆ ದಿನ. ನಿನಗೆ ತಿಳಿಸುವುದಕ್ಕೆ ನಂಬರೂ ಇರಲಿಲ್ಲ.

ಈಗ ಆ ಆಟವನ್ನು ಮತ್ತೆ ಇಳಿಸಿಕೊಳ್ಳುವುದಕ್ಕೆ ಬಿಡುವುದಿಲ್ಲ, ತೆಗೆದುಹಾಕಿದ್ದಾರೆ. ಕೊನೆಗೆ ನಿನ್ನ ಪೆಟ್ಟಿಗೆಯಲ್ಲಿ ಹಳೆಯ ಡಿಸ್ಕ್ ಸಿಕ್ಕಿತು. ಮೈತುಂಬ ಗೀರು. ಯಂತ್ರ ಅದನ್ನು ನುಂಗಿ ಉಗುಳುತ್ತಿತ್ತು. ನಾನು ಒರೆಸಿ ಒರೆಸಿ ಅಳುವುದನ್ನು ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. ಏನೆಂದು ಕೇಳಿದರು. ಹೇಳಿದೆ, ಎಲ್ಲವನ್ನೂ, ಟ್ಯಾಂಕಿ, ಕೂತು ಏಳುವುದು, ಕ್ಷೌರಿಕ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಒಬ್ಬನೇ ಇದ್ನಾ?"

ಆಮೇಲೆ ಡಿಸ್ಕನ್ನು ಅಂಗಡಿಗೆ ತೆಗೆದುಕೊಂಡು ಹೋದರು. ಹಿತ್ತಾಳೆ ಹೊಳಪಿಸುವ ಪೇಸ್ಟನ್ನು ಮೆತ್ತನೆಯ ಬಟ್ಟೆಗೆ ಹಚ್ಚಿ, ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಉಜ್ಜಿದರು. ಕೀಲಿಕೈ ಮಾಡಿಸಲು ಬಂದ ಇಬ್ಬರನ್ನು ನಾಳೆ ಬನ್ನಿ ಎಂದು ಕಳಿಸಿದರು. ಡಿಸ್ಕ್ ಓಡಿತು.

ರಜೆ ಅದಲು ಬದಲು ಮಾಡಿಕೊಂಡು ಮೊನ್ನೆ ಭಾನುವಾರ ಹೋದೆ. ಬಂದರಿನಲ್ಲಿ ಯಾರೂ ಇರಲಿಲ್ಲ. ಮೂಲೆಯಲ್ಲಿ "ಆಟಗಾರರು: 1" ಎಂದಿತ್ತು. ಗಾಳಿಗೆ ತಗಡು ಬಡಿದುಕೊಳ್ಳುವ ಸದ್ದು ಇಷ್ಟು ವರ್ಷ ಗುಂಡಿನ ಗದ್ದಲದಲ್ಲಿ ನನಗೆ ಕೇಳಿಸಿಯೇ ಇರಲಿಲ್ಲ. ಯಾರೋ ಅದನ್ನೂ ಕೂತು ಮಾಡಿದ್ದಾರೆ. ಎರಡು ಸಲ ಕೂತು ಎದ್ದೆ. ಆರು ಗಂಟೆಯವರೆಗೂ ಹಾಗೇ ಮಾಡಿದೆ. ಗುಂಡು ತಿಂದ ಮೇಲೆ ನೀನು ಬರುವುದನ್ನೇ ಬಿಟ್ಟೆಯೋ ಏನೋ. ಹೊಡೆದವಳು ನಾನೆಂದು ತಿಳಿದೆಯಾ?

ಇನ್ನೊಂದು ಮಾತು ಹದಿನಾಲ್ಕು ತಿಂಗಳಿಂದ ಗಂಟಲಲ್ಲಿದೆ. ನೀನು ಬೀಗದ ಕೆಲಸ ಕಲಿಯುವುದಿಲ್ಲ ಎಂದ ದಿನ, "ಹೊಸ್ತಿಲು ದಾಟಿದ್ರೆ ನಾಳೇನೇ ಬೀಗ ಬದಲಾಯಿಸ್ತೀನಿ" ಎಂದು ಅಪ್ಪ ಕೂಗಿದ ದಿನ, ನೀನು ಚೀಲ ಹಿಡಿದು ನನ್ನ ಕೋಣೆಯ ಬಾಗಿಲಿಗೆ ಬಂದೆ. "ಕಡ್ಡಿಪೆಟ್ಟಿಗೆ, ಹೊರಟೆ ಕಣೆ" ಅಂದೆ. ನಾನು ಏಳನೇ ಭಾಗದ ಒಂದು ಸುತ್ತಿನ ನಡುವೆ ಇದ್ದೆ, ಯಾರೋ ಅಪರಿಚಿತರ ಜೊತೆ. ತಿರುಗಿ ನೋಡದೆ "ಎರಡು ನಿಮಿಷ" ಅಂದೆ. ಸುತ್ತು ಮುಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಕಂಪನಿಯ ಮೇಲೆ ಇಷ್ಟೆಲ್ಲ ಆರೋಪ ಬರೆದವಳು ಇದೊಂದನ್ನು ಅದರ ಮೇಲೆ ಹೊರಿಸಲಾರೆ. ಅದು ನನ್ನದು.

ಮೂವತ್ತರೊಳಗೆ ಎರಡು ಭಾನುವಾರ ಇವೆ, ಹತ್ತೊಂಬತ್ತು ಮತ್ತು ಇಪ್ಪತ್ತಾರು. ಎರಡೂ ದಿನ ನಾಲ್ಕಕ್ಕೆ ಟ್ಯಾಂಕಿಯ ಬಳಿ ಇರುತ್ತೇನೆ. ಕ್ಷೌರಿಕನಿಗೆ ಬಂದೂಕು ಮುಟ್ಟಬೇಡ ಎಂದು ಕಟ್ಟಪ್ಪಣೆ ಮಾಡಿದ್ದೇನೆ. ಬೆಚ್ಚಗಿರು, ಭುಜಕ್ಕೆ ಎಣ್ಣೆ ಹಚ್ಚು, ಅಲ್ಲಿ ಜೊತೆಗೆ ದುಡಿಯುವವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಕಡ್ಡಿಪೆಟ್ಟಿಗೆ

ಮರೆತಿದ್ದು: ಲಕೋಟೆ ಅಂಟಿಸುವಾಗ ಹೊಳೆಯಿತು. ಅಪ್ಪ ಬೀಗ ಬದಲಾಯಿಸಿಲ್ಲ. ಹದಿನಾಲ್ಕು ತಿಂಗಳಿಂದ ನಾನು ಅದೇ ಹಳೇ ಕೀಲಿಕೈಯಲ್ಲಿ ಬಾಗಿಲು ತೆಗೆಯುತ್ತಿದ್ದೇನೆ, ಒಂದು ದಿನವೂ ಯೋಚಿಸಿರಲಿಲ್ಲ. ಈಗಷ್ಟೇ ಹೋಗಿ ಕೇಳಿದೆ. "ಊರೋರ ಬೀಗಕ್ಕೇ ಪುರುಸೊತ್ತಿಲ್ಲ, ನಮ್ಮನೇದು ಯಾರು ನೋಡ್ತಾರೆ" ಅಂದರು. ಆದರೆ ಇವತ್ತು ಬೆಳಿಗ್ಗೆ ಅದಕ್ಕೆ ಎಣ್ಣೆ ಬಿಡುತ್ತಿದ್ದುದನ್ನು ನಾನು ನೋಡಿದ್ದೇನೆ. ನಿನ್ನ ಕೀಲಿಕೈ ಇನ್ನೂ ಇದೆ ತಾನೆ?